ಕಾಚಂಪುಳಿ ಬಳಿದ ನರಿ

ಹಡಗಿನಲ್ಲಿ

ಬೊಂಬಾಯಿಯ ದಡ ಕಣ್ಮರೆಯಾದ ಮರುದಿನವೇ ನಮ್ಮ ಕ್ಯಾಬಿನ್ನಿನಿಂದ ಹಂದಿಸಾರಿನ ವಾಸನೆ ಬರತೊಡಗಿತು. ಹಂದಿಯೂ ಇರಲಿಲ್ಲ, ಸಾರೂ ಇರಲಿಲ್ಲ. ಟ್ರಂಕಿನ ತಳದಲ್ಲಿ ಅವ್ವ ಕಟ್ಟಿಕೊಟ್ಟ ಎರಡು ಬಾಟಲಿ ಕಾಚಂಪುಳಿಯಿತ್ತು. ಸಮುದ್ರದ ಕುಲುಕಾಟಕ್ಕೆ ಒಂದರ ಬಿರಡೆ ಕಿತ್ತುಹೋಗಿತ್ತು. ಹಣ್ಣಿನ ರಸವನ್ನು ಒಲೆಯ ಮೇಲೆ ಕುದಿಸಿ, ಕುದಿಸಿ, ಡಾಮರಿನಷ್ಟು ಕಪ್ಪು ಮಾಡಿಟ್ಟ ಈ ಹುಳಿಯ ಗುಣ ಕೊಡಗಿನ ಗೃಹಿಣಿಯರಿಗೆ ಗೊತ್ತು. ಹಂದಿಸಾರಿಗೆ ಹತ್ತು ಹನಿ ಸಾಕು. ನಮ್ಮ ಯಜಮಾನರ ಹೊಸ ಓವರ್‌ಕೋಟಿಗೆ ಅರ್ಧ ಬಾಟಲಿ ಬಿದ್ದಿತ್ತು.

"ಬಿರಡೆಗೆ ಮೇಣ ಹಾಕ್ ಅಂತ ಹೇಳ್ದೆ ಅಲ್ಲಾ?" ಎಂದರು ಅವರು.

"ಬಟ್ಟೆ ಕಟ್ಟಿತ್ತಲ್ಲಾ?"

"ಬಟ್ಟೆ ಉಟ್ಟು. ಹುಳಿ ಎಲ್ಲಿ ಉಟ್ಟು?"

ನಮ್ಮ ಮನೆಮಾತು ಅರೆಭಾಷೆ. 'ಇದೆ' ಎನ್ನುವುದಕ್ಕೆ ನಾವು 'ಉಟ್ಟು' ಎನ್ನುತ್ತೇವೆ. ಉಳಿದದ್ದನ್ನು ಓದುಗರು ಹೇಗೂ ಊಹಿಸಿಕೊಳ್ಳುತ್ತಾರೆ.

ಕ್ಯಾಬಿನ್ ಗುಡಿಸುವ ಗೋವಾದವನು ಬಾಗಿಲು ತೆರೆದು, ಮೂಗೆಳೆದು, "ಬಾಯಿ, ಊಟ ಇಲ್ಲಿಯೇ ಮಾಡ್ತೀರಾ?" ಎಂದು ಕೇಳಿದ. ಹಡಗಿನ ಡಾಕ್ಟರಿಗೂ ಸುದ್ದಿ ಹೋಯಿತು. ಅವರು ಬಂದು, ಕೋಟಿನ ಕಲೆಯನ್ನು ಬೆರಳಲ್ಲಿ ಮುಟ್ಟಿ, ಯಾರಿಗೂ ಗಾಯವಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು. ಮೂರು ಸಲ ಒಗೆದರೂ ಕಲೆ ತೆಳುವಾಗಲಿಲ್ಲ. ವಾಸನೆ ಮಾತ್ರ ಸಮುದ್ರದ ಗಾಳಿಗೆ ಒಂದಿಷ್ಟು ಸೌಮ್ಯವಾಯಿತು.

ನಾವು ಹೊರಟದ್ದು ಯಜಮಾನರ ಕೆಲಸದ ಮೇಲೆ. ದಕ್ಷಿಣ ಕೊಡಗಿನ ಬಾಳೆಲೆ ಎಂಬ ಊರಿನ ಹತ್ತಿರ ಅವರು ನೋಡಿಕೊಳ್ಳುವ ಕಾಫಿ ತೋಟದವರು, ಕಾಫಿ ಬೀಜದ ಮಾದರಿಗಳನ್ನು ಹಿಡಿದು ಲಂಡನ್ನಿನ ವ್ಯಾಪಾರಿಗಳನ್ನು ಕಂಡು ಬರಲು ಅವರನ್ನು ಕಳಿಸುತ್ತಿದ್ದರು. ನನ್ನನ್ನು ಕಳಿಸಿದ್ದು ಅವ್ವ. ನನ್ನ ತಮ್ಮ ಪೂವಯ್ಯ ಚಿತ್ರ ಕಲಿಯಲೆಂದು ಲಂಡನ್ನಿಗೆ ಹೋದವನು ಅಲ್ಲಿಯೇ ಕೆಲಸಕ್ಕೆ ನಿಂತಿದ್ದ. ಸುಂಟಿಕೊಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕುಶಾಲಪ್ಪ ಮಾವನ ಮಗಳು ಲೀಲಾವತಿಗೂ ಅವನಿಗೂ ಮದುವೆಯ ಮಾತು ನಡೆದಿತ್ತು. ಕಳೆದ ಸಲ ಅವನು ಊರಿಗೆ ಬಂದಿದ್ದಾಗ ಇಬ್ಬರೂ ನೋಡಿಕೊಂಡಿದ್ದರು, ಒಪ್ಪಿಕೊಂಡಿದ್ದರು. ಉಳಿದದ್ದು ಮಾವನ ಒಂದೇ ಪ್ರಶ್ನೆ: ಹುಡುಗ ಅಲ್ಲಿ ಮಾಡುವುದೇನು?

"ಮಕ್ಕಳಿಗೆ ಚಿತ್ರ ಬರೆಯುತ್ತಾನೆ" ಎಂದು ಅವ್ವ ಹೇಳಿದ್ದರು. ಮಾವನಿಗೆ ಅದು ಇಷ್ಟವಾಗಿತ್ತು. ಲೀಲಾ ಪುಟ್ಟ ಮಕ್ಕಳ ಟೀಚರು. ಜೋಡಿ ಹೊಂದುತ್ತದೆ ಎಂದಿದ್ದರು. ಆದರೂ ವ್ಯಾಪಾರಸ್ಥರು, ನೋಡದೆ ಬಟ್ಟೆ ತೆಗೆಯುವವರಲ್ಲ. "ನೀ ಹೇಗೂ ಹೋಗುತ್ತೀಯಲ್ಲಾ, ಕಣ್ಣಾರೆ ನೋಡಿ ಬಂದು ನನಗೆ ಹೇಳು. ನೀ ಹೇಳಿದ ಮೇಲೆ ದಿನ ನೋಡಿಸುವ" ಎಂದು ನನಗೇ ವಹಿಸಿದ್ದರು. ಒಂದು ಮದುವೆಯನ್ನೇ ನನ್ನ ನಾಲಿಗೆಯ ಮೇಲಿಟ್ಟು ಕಳಿಸಿದ ಹಾಗೆ.

ಏಡನ್

ಏಡನ್ನಿನಲ್ಲಿ ಹಡಗು ಅರ್ಧ ದಿನ ನಿಂತಿತು. ಮರವೇ ಇಲ್ಲದ ಬೆಟ್ಟವನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಲ್ಲಿ. ನಮ್ಮ ಯಜಮಾನರು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಪಾಪ, ಮನಸ್ಸಿನಲ್ಲೇ ನೆರಳಿನ ಗಿಡಗಳನ್ನು ನೆಡುತ್ತಿದ್ದಿರಬೇಕು.

ಅಂಗಡಿಯೊಂದರ ಗಾಜಿನ ಹಿಂದೆ ಒಂದು ತಗಡಿನ ಗೊಂಬೆ ಕಂಡಿತು. ಪಟ್ಟೆಪಟ್ಟೆ ಮಫ್ಲರು ಸುತ್ತಿಕೊಂಡ ಅಳಿಲು. ಬಿಬ್ಬಿ! ನಾನು ರಸ್ತೆಯಲ್ಲೇ ಹೆಸರು ಹಿಡಿದು ಕೂಗಿಬಿಟ್ಟೆ.

ಬಿಬ್ಬಿಯ ಪರಿಚಯ ಮಾಡಿಕೊಡಬೇಕು. ಮಡಿಕೇರಿಯ ಕಾನ್ವೆಂಟಿನಲ್ಲಿ ನಾನು ಓದುವಾಗ, ಕ್ರಿಸ್‌ಮಸ್ಸಿಗೆ ಮುಂಚೆ ಸಿಸ್ಟರುಗಳು ಊಟದ ಹಾಲಿನಲ್ಲಿ ಬಿಳಿ ಹೊದಿಕೆ ಕಟ್ಟಿ ಕಾರ್ಟೂನು ತೋರಿಸುತ್ತಿದ್ದರು. ಪ್ರತಿ ವರ್ಷವೂ ಅದೇ ರೀಲು. ಬಿಬ್ಬಿ ಎಂಬ ಅಳಿಲು ಬೀಜ ಕೂಡಿಡುತ್ತಾಳೆ. ನರಿ ಅಟ್ಟಿಸಿಕೊಂಡು ಬರುತ್ತದೆ. ಬಂಡೆಯ ಅಂಚಿನಲ್ಲಿ ಬಿಬ್ಬಿ ತಿರುಗಿಕೊಂಡರೆ ನರಿ ನೇರವಾಗಿ ಹೋಗಿ ಪ್ರಪಾತಕ್ಕೆ ಬೀಳುತ್ತದೆ. ಡಬ್ ಎಂದು ಡೋಲಿನ ಸದ್ದು. ನರಿ ಚಪ್ಪಟೆಯಾಗಿ, ಮತ್ತೆ ಉಬ್ಬಿ, ಮತ್ತೆ ಅಟ್ಟುತ್ತದೆ. ನಗದವರಿಲ್ಲ. ಯಾವಾಗಲೂ ಮುಖ ಬಿಗಿದಿರುತ್ತಿದ್ದ ನಮ್ಮ ಲೆಕ್ಕದ ಸಿಸ್ಟರ್ ಕೂಡ ಕರವಸ್ತ್ರ ಬಾಯಿಗೊತ್ತಿ ಅಲುಗಾಡುತ್ತಿದ್ದರು.

ಗೊಂಬೆಯನ್ನು ಕೊಳ್ಳಲಿಲ್ಲ. ಪೂವಯ್ಯ ಕೆಲಸ ಮಾಡುವುದು ಅದೇ ಬಿಬ್ಬಿಯ ಚಿತ್ರಕಥೆ ಬರುವ ಮಕ್ಕಳ ವಾರಪತ್ರಿಕೆಯಲ್ಲಿ. ಅವನ ಕೈಯಿಂದಲೇ ಒಂದು ಚಿತ್ರ ಬರೆಸಿಕೊಳ್ಳುವ ಆಸೆ ನನಗೆ.

ಲಂಡನ್, ಮೊದಲ ದಿನಗಳು

ಲಂಡನ್ನಿನಲ್ಲಿ ನಾವು ಉಳಿದ ಮನೆಯ ಒಡತಿ ಮಿಸೆಸ್ ಪೆಟ್. ವಿಧವೆ. ಕಿಟಕಿಗೆ ಕಸೂತಿಯ ಪರದೆ ಕಟ್ಟಿ, ಅದರ ಹಿಂದೆ ನಿಂತು ಬೀದಿಯನ್ನೆಲ್ಲ ನೋಡುವವರು; ಎದುರಾದರೆ ಮಾತ್ರ ಹವೆಯ ವಿಷಯ ಬಿಟ್ಟು ಬೇರೇನೂ ಕೇಳರು. ನಮ್ಮ ಕಡೆ ಇದರ ತಿರುಗುಮುರುಗು. ಯಾರೂ ಇಣುಕುವುದಿಲ್ಲ, ನೇರ ಬಂದು ಕುಳಿತು ಎಲ್ಲವನ್ನೂ ಕೇಳಿಬಿಡುತ್ತಾರೆ.

ನನ್ನ ಇಂಗ್ಲಿಷು ಕೇಳಿ ಅವರು ಮೊದಲ ದಿನವೇ ಬೆರಗಾದರು. "ನೀವು ಐರ್ಲೆಂಡಿನಲ್ಲಿ ಎಷ್ಟು ವರ್ಷ ಇದ್ದಿರಿ?" ಎಂದರು. ಮಡಿಕೇರಿಯಲ್ಲಿ ನಮಗೆ ಕಲಿಸಿದ ಸಿಸ್ಟರುಗಳೆಲ್ಲ ಅಲ್ಲಿಯವರೇ. ಇಷ್ಟು ವರ್ಷ ನಾನು ಆಡುತ್ತಿದ್ದದ್ದು ಇಂಗ್ಲೆಂಡಿನ ಇಂಗ್ಲಿಷೆಂದು ನಂಬಿದ್ದೆ!

ಯಜಮಾನರಿಗೆ ಬೇರೆ ಆಘಾತ ಕಾದಿತ್ತು. ಕಾಫಿಯ ಊರಿನಿಂದ ಬಂದವರೆಂದು ಮಿಸೆಸ್ ಪೆಟ್ ವಿಶೇಷವಾಗಿ ಕಾಫಿ ಮಾಡಿದರು. ಬಾಟಲಿಯಿಂದ ಕಪ್ಪು ಪಾಕವೊಂದನ್ನು ಚಮಚಕ್ಕೆ ಬಗ್ಗಿಸಿ ಬಿಸಿ ನೀರಿಗೆ ಕಲಕಿದರು, ಅಷ್ಟೇ. ಯಜಮಾನರು ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಸಾವಿನ ಮನೆಗೆ ಹೋದವರ ಹಾಗೆ ತಲೆ ತಗ್ಗಿಸಿ, ಪೂರ್ತಿ ಕುಡಿದರು. ಕೋಣೆಗೆ ಬಂದ ಮೇಲೆ, "ಕಾಚಂಪುಳಿ ಉಳ್ದುಟ್ಟಾ? ಅದರನ್ನೇ ಕುಡಿಯಕ್ಕಾಗಿತ್ತ್" ಎಂದರು.

ಅದು ಚಳಿ ಶುರುವಾಗುವ ಕಾಲ. ಒಂದು ಸಂಜೆ ಅಂಗಡಿಗೆಂದು ಹೊರಟವಳು, ನನ್ನ ಶಾಲು ಸಾಲದೆಂದು ಯಜಮಾನರ ಅದೇ ಓವರ್‌ಕೋಟನ್ನು ಸೀರೆಯ ಮೇಲೆ ತೊಟ್ಟಿದ್ದೆ. ಬೀದಿಯ ತಿರುವಿನಲ್ಲಿ ಇಬ್ಬರು ಹುಡುಗಿಯರು ಮಗುವಿನ ಗಾಡಿಯಲ್ಲಿ ಹುಲ್ಲಿನ ಮನುಷ್ಯನೊಬ್ಬನನ್ನು ಕೂರಿಸಿ ನಿಂತಿದ್ದರು. ಹರಿದ ಕೋಟು, ಸೊಟ್ಟ ಟೊಪ್ಪಿ, ಮುಖಕ್ಕೆ ಮಸಿ. "ಇವನಿಗೆ ಒಂದು ಪೆನ್ನಿ ಕೊಡಿ" ಎಂದು ಕೈ ಚಾಚಿದರು. ಪಟಾಕಿಯ ಕಾಸಿಗೆಂದು ಹೀಗೆ ಬೇಡಿ, ಒಂದು ರಾತ್ರಿ ಆ ಹುಲ್ಲಿನ ಮನುಷ್ಯನನ್ನು ಬೆಂಕಿಗೆ ಹಾಕುವುದು ಅಲ್ಲಿಯ ಮಕ್ಕಳ ಹಬ್ಬವೆಂದು ಆಮೇಲೆ ತಿಳಿಯಿತು.

ನನಗೆ ಒಮ್ಮೆಲೇ ನಮ್ಮ ಬೇಡು ಹಬ್ಬ ನೆನಪಾಯಿತು. ದಕ್ಷಿಣ ಕೊಡಗಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಮಳೆಗೆ ಮೊದಲು ವರ್ಷಕ್ಕೊಮ್ಮೆ ತೋಟದ ಕೂಲಿ ಲೈನಿನ ಜನ, ಕಾಡಿನ ಅಂಚಿನ ಜನ, ಚಿತ್ರವಿಚಿತ್ರ ವೇಷ ಹಾಕಿ ಬರುತ್ತಾರೆ. ಗಂಡಸರು ಹಳೆಯ ಸೀರೆ ಉಡುತ್ತಾರೆ, ಮುಖಕ್ಕೆ ಬಣ್ಣ, ಕೈಯಲ್ಲಿ ಡಬ್ಬ. ಆ ದಿನ ಅವರು ಎದುರು ಸಿಕ್ಕವರನ್ನೆಲ್ಲ ಬೈಯಬಹುದು. ಧಣಿಯನ್ನು, ತೋಟದ ಲೆಕ್ಕ ಬರೆಯುವ ರೈಟರನ್ನು, ದೇವರನ್ನೇ. ಹಬ್ಬಕ್ಕೆ ಇನ್ನೊಂದು ಹೆಸರೂ ಇದೆ. ಸಿಸ್ಟರುಗಳ ಕೈಕೆಳಗೆ ಓದಿದವಳು ಅದನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ನಾವು ನಗುತ್ತಾ ಕಾಸು ಕೊಡಬೇಕು. ಬೈಸಿಕೊಳ್ಳದೆ ಕೊಟ್ಟರೆ ಕೊಟ್ಟ ಹಾಗೇ ಅಲ್ಲ.

ಹಾಗಾಗಿ ಪೆನ್ನಿ ಕೊಟ್ಟು ಅಲ್ಲೇ ನಿಂತೆ. ಹುಡುಗಿಯರು ನನ್ನನ್ನು ನೋಡಿದರು. ನಾನೂ ನೋಡಿದೆ.

"ಇನ್ನೇನಾದರೂ ಬೇಕಿತ್ತೇ?" ಎಂದಳು ದೊಡ್ಡವಳು.

"ನೀವಿನ್ನೂ ನನ್ನನ್ನು ಬೈದಿಲ್ಲವಲ್ಲ?"

ಇಬ್ಬರೂ ತಲೆ ಕೂಡಿಸಿ ಪಿಸುಗುಟ್ಟಿದರು. ಕೊನೆಗೆ ದೊಡ್ಡವಳು ಬಹಳ ಸಂಕೋಚದಿಂದ, "ನಿಮ್ಮ ಕೋಟಿನಿಂದ ವಿನೆಗರ್ ವಾಸನೆ ಬರುತ್ತದೆ" ಎಂದಳು. ಚಿಕ್ಕವಳು ಕೂಡಲೇ, "ಕ್ಷಮಿಸಿ" ಎಂದು ಸೇರಿಸಿದಳು.

ನನಗೆ ತೃಪ್ತಿಯಾಯಿತು. ಇನ್ನೊಂದು ಪೆನ್ನಿ ಕೊಟ್ಟು ಬಂದೆ.

ತಮ್ಮನ ಕೋಣೆ

ಪೂವಯ್ಯ ದಿನವೂ ಸಂಜೆ ನಮ್ಮನ್ನು ನೋಡಲು ಬರುತ್ತಿದ್ದ. ತನ್ನ ಕೋಣೆಗೆ ಮಾತ್ರ ಕರೆಯುತ್ತಿರಲಿಲ್ಲ. ಒಂದು ಭಾನುವಾರ ನಾನೇ ಹಂದಿ ಮಾಂಸ, ಉಳಿದ ಕಾಚಂಪುಳಿ ಬಾಟಲಿ ಹಿಡಿದು ಹೊರಟುಬಿಟ್ಟೆ. ಮೂರನೆಯ ಮಹಡಿ. ಬಾಗಿಲು ತೆಗೆದವನ ಕೈಯೆಲ್ಲ ಮಸಿ.

"ಅಕ್ಕಾ! ಹೇಳದೆ ಬಂದೆ?"

"ನಿನ್ನ ಮನೆಗೆ ಬರಿಕೆ ಚೀಟಿ ಬರೆದು ಕಳ್ಸೊಕಾ?"

ಗೋಡೆಯ ತುಂಬ ಚಿತ್ರದ ಹಾಳೆಗಳು. ಬಿಬ್ಬಿಯನ್ನು ನೋಡುವ ಆಸೆಯಿಂದ ಹತ್ತಿರ ಹೋದವಳು ಅಲ್ಲೇ ನಿಂತೆ. ಅದು ಬಿಬ್ಬಿಯೇ. ಆದರೆ ಮೀಸೆ ನೆರೆತಿತ್ತು. ಮಫ್ಲರಿನ ಪಟ್ಟೆ ಮಾಸಿ ಅಂಚು ಎಳೆ ಬಿಟ್ಟಿತ್ತು. ಹಿಂದೆ ಕಾಡು ಎಂದರೆ ಕಡಿದ ಬೊಡ್ಡೆಗಳು. ಕಣ್ಣು... ಆ ಕಣ್ಣಿನಲ್ಲಿ ಎಷ್ಟೋ ಚಳಿಗಾಲ ನಿದ್ದೆಯಿಲ್ಲದೆ ಕಳೆದ ಹಾಗಿತ್ತು.

ಮೇಜಿನ ಮೇಲೆ ಅದೇ ಚಿತ್ರದ ರಟ್ಟಿನ ಕಾಮಿಕ್ ಪುಸ್ತಕವೊಂದಿತ್ತು. ನಿಂತಲ್ಲೇ ತಿರುವಿದೆ. ಬಿಬ್ಬಿ ಓಡುತ್ತಾಳೆ, ಬಂಡೆಯಂಚಿನಲ್ಲಿ ತಿರುಗಿಕೊಳ್ಳುತ್ತಾಳೆ, ನರಿ ಬೀಳುತ್ತದೆ. ಮುಂದಿನ ಪುಟ ಪೂರ್ತಿ ಕಪ್ಪು. ಅದರ ಮುಂದಿನದೂ ಕಪ್ಪು. ನರಿ ಏಳುವುದಿಲ್ಲ. ಓಡಿಸುವವರಿಲ್ಲದೆ ಬಿಬ್ಬಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಕೂಡಿಟ್ಟ ಬೀಜ ಕಹಿಯಾಗುತ್ತದೆ. ಕೊನೆಗೆ ಅವಳು ಪ್ರಪಾತಕ್ಕೆ ಇಳಿಯುತ್ತಾಳೆ. ಇಳಿಯುವುದಕ್ಕೇ ಪುಟಗಟ್ಟಲೆ. ತಳದಲ್ಲಿ ಎಲುಬು ಮುರಿದ ನರಿ, ಕಣ್ಣು ತೆರೆದುಕೊಂಡೇ ಬಿದ್ದಿದೆ.

ನನಗೆ ಕೋಪ ಬಂತು. ಅಳುವೂ ಬಂತು.

"ಪಾಪದ ಬಿಬ್ಬಿನ ಎಂಥ ಮಾಡಿಟ್ಟಿಯ ಪೂವಾ? ಪತ್ರಿಕೆಯವು ಇದರ ಮಕ್ಕಳಿಗೆ ಕೊಟ್ಟವಾ?"

"ಇದ್ ಪತ್ರಿಕೆದ್ ಅಲ್ಲಕ್ಕ. ಹಗಲೆಲ್ಲ ಅಲ್ಲಿ ಕುದ್ದ್‌ಕಂಡ್ ಬಿಬ್ಬಿ ಮಫ್ಲರಿಗೆ ಪಟ್ಟೆ ಬಳಿನೆ. ಕೆಂಪು, ಹಳದಿ, ಕೆಂಪು, ಹಳದಿ. ಇದ್ ನಾವು ಮೂರ್ ಜನ ಗೆಳೆಯರು ಸೇರಿ ಅಚ್ಚು ಹಾಕ್ಸಿದ್. ದೊಡ್ಡವು ಓದಿಕೆ."

"ದೊಡ್ಡವಕ್ಕೆ ಅಳಿಲು ಯಾಕೆ?"

ಅವನು ಮಂಚದ ಅಂಚಿನಲ್ಲಿ ಕುಳಿತ. "ನಿನ್ನ ಕಾನ್ವೆಂಟಿಗೆ ನನ್ನ ಕರ್ಕಂಡ್ ಹೋಗಿದ್ದೆ, ನೆನಪುಟ್ಟಾ? ಎಲ್ಲವೂ ನಗಾಡ್ದೊ. ನಾ ಎಂಥ ಮಾಡ್ದೆ?"

ನೆನಪಿತ್ತು. ತಮ್ಮ ತಂಗಿಯರನ್ನು ಕರೆತರಬಹುದೆಂದು ಸಿಸ್ಟರುಗಳು ಹೇಳಿದ ವರ್ಷ ಅವನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದೆ. ನರಿ ಬಿದ್ದ ಕೂಡಲೇ ನನ್ನ ಕುತ್ತಿಗೆಗೆ ಜೋತುಬಿದ್ದ. ಬಸ್ಸಿನಲ್ಲಿ ಮನೆಯವರೆಗೂ ಒಂದೇ ಪ್ರಶ್ನೆ: "ನರಿಗೆ ಪೆಟ್ಟಾತಾ? ನರಿಗೆ ಪೆಟ್ಟಾತಾ ಅಕ್ಕ?" ಪಕ್ಕದ ಸೀಟಿನ ಮಲಯಾಳದ ಅಜ್ಜಿಯೊಬ್ಬಳು, ಯಾವ ನರಿ, ಯಾರ ನರಿ ಎಂದು ಗೊತ್ತಿಲ್ಲದೆಯೇ, "ಒನ್ನುಂ ಪಟ್ಟಿಯಿಲ್ಲ ಮೋನೆ, ಏನೂ ಆಗಿಲ್ಲ" ಎಂದು ಅವನ ತಲೆ ಸವರಿದ್ದಳು.

"ಅವತ್ತಿಂದ ಅದರನ್ನೇ ಕೇಳ್ತಾ ಒಳೆ ಅಕ್ಕ" ಎಂದ ಪೂವಯ್ಯ.

ನಾನು ಗ್ಯಾಸ್ ಒಲೆ ಹಚ್ಚಿ ಮಾಂಸ ಬೇಯಲು ಇಟ್ಟೆ. ಕೈಗೆ ಕೆಲಸ ಕೊಟ್ಟರೆ ನನ್ನ ತಲೆ ಸ್ವಲ್ಪ ಚೆನ್ನಾಗಿ ಓಡುತ್ತದೆ. ಬೇಡು ಹಬ್ಬದ ದಿನ ಬೆಳಗ್ಗೆಯಿಂದ ದೇವರಿಗೆ ಬಾಯಿಗೆ ಬಂದ ಹಾಗೆ ಬೈದವರು, ಸಂಜೆ ಅದೇ ದೇವರ ಮುಂದೆ ತಪ್ಪಾಯಿತೆಂದು ಅಡ್ಡ ಬೀಳುತ್ತಾರೆ. ರಜೆಗೆ ನಮ್ಮ ತೋಟಕ್ಕೆ ಬಂದಿದ್ದ ಪೂವಯ್ಯನೂ ಅದನ್ನು ನೋಡಿದ್ದ. ಬೇರೆಯವರ ದೇವರನ್ನು ಅವರು ಬೈಯುವುದಿಲ್ಲ. ತಮ್ಮದನ್ನೇ ಬೈಯುವುದು. ಬಿಬ್ಬಿಯೂ ಪೂವಯ್ಯನದೇ ಅಲ್ಲವೇ?

ಪುಸ್ತಕ ಮತ್ತೆ ಕೈಗೆತ್ತಿಕೊಂಡು ಕೊನೆಯ ಪುಟ ನೋಡಿದೆ. ಬಿಬ್ಬಿ ತನ್ನ ಮಫ್ಲರು ಬಿಚ್ಚಿ ನರಿಯ ಮುರಿದ ಕಾಲಿಗೆ ಕಟ್ಟುತ್ತಿದ್ದಳು. ಆ ಎಳೆ ಬಿಟ್ಟ ಮಫ್ಲರಿನಲ್ಲಿ ಒಂದೊಂದು ಪಟ್ಟೆಯನ್ನೂ ಅವನು ಬಿಡದೆ ಬಳಿದಿದ್ದ.

"ಕುಶಾಲಪ್ಪ ಮಾವಂಗೆ ನಾ ಎಂಥ ಹೇಳೊಕು?" ಎಂದೆ. "ಹಗಲಿನ ಕೆಲಸ ಹೇಳ್ರೆ ಸಾಕಲ್ಲಾ? ಅದೂ ಸುಳ್ಳಲ್ಲ."

"ಸುಳ್ಳಲ್ಲ. ಆದ್ರೆ ಅರ್ಧ. ಲೀಲಾ ಮದುವೆಯಾಗಿ ಬಂದ್ ಈ ಗೋಡೆ ನೋಡ್ರೆ? ಬೊಡ ಅಕ್ಕ. ಪೂರಾ ತೋರ್ಸು. ಒಪ್ಪದಿದ್ರೆ..." ಅವನು ಎದ್ದು ಹೋಗಿ ಬಿಳಿ ಹಾಳೆಯೊಂದನ್ನು ಪಿನ್ನು ಚುಚ್ಚಿ ಕೂರಿಸಿದ. ಲೀಲಾಳಿಗೆಂದೇ ಒಂದು ಚಿತ್ರ ಮಾಡಿಕೊಡುತ್ತೇನೆ, ಪುಸ್ತಕದ ಜೊತೆ ಕೊಡು ಎಂದ.

ಬಿಬ್ಬಿಯೂ ನರಿಯೂ ಅಕ್ಕಪಕ್ಕ ಕುಳಿತು ಒಂದು ಬೀಜವನ್ನು ಹಂಚಿಕೊಳ್ಳುವ ಚಿತ್ರ. ಗೆರೆಯೆಲ್ಲ ಮುಗಿದು ನರಿಗೆ ಬಣ್ಣ ತುಂಬುವಾಗ ಶಾಯಿ ಮುಗಿಯಿತು. ಭಾನುವಾರ ಆ ಊರಿನಲ್ಲಿ ಒಂದು ಅಂಗಡಿ ತೆರೆದಿದ್ದರೆ ಕೇಳಿ! ಪೂವಯ್ಯ ಕೋಣೆಯನ್ನೆಲ್ಲ ತಡಕಾಡಿದ. ಆಮೇಲೆ ಅವನ ಕಣ್ಣು ಒಲೆಯ ಪಕ್ಕದ ಬಾಟಲಿಯ ಮೇಲೆ ಬಿತ್ತು.

"ಏಯ್, ಅದ್ ಸಾರಿಗೆ!" ಎಂದೆ.

ಅಷ್ಟರಲ್ಲಿ ಕುಂಚ ಅದ್ದಿಯಾಗಿತ್ತು. ಕಾಚಂಪುಳಿ ನೀರಿನಲ್ಲಿ ಬಿಟ್ಟುಕೊಂಡಾಗ ಬರುವ ಆ ಕಂದುಗಪ್ಪು ಬಣ್ಣ ನರಿಯ ಬೆನ್ನ ಮೇಲೆ ಹರಡಿತು. ಎಷ್ಟು ಚೆನ್ನಾಗಿ ಕೂತಿತೆಂದರೆ, ಅವನು ಆಕಾಶಕ್ಕೂ ಅದನ್ನೇ ಬಳಿದ. ಆ ದಿನ ನಮ್ಮ ಸಾರಿಗೆ ಹುಳಿ ಕಡಿಮೆಯಾಯಿತು.

ಸುಂಟಿಕೊಪ್ಪ

ಮರಳಿ ಬರುವಾಗ ಹಡಗಿನಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಚೆಲ್ಲಲು ಹುಳಿ ಇರಲಿಲ್ಲ. ನನಗೆ ಮಾತ್ರ ದಿನವೂ ಒಂದೇ ಲೆಕ್ಕಾಚಾರ. ಮಾವನ ಮುಂದೆ ಮೊದಲು ಬೇಡು ಹಬ್ಬದ ಮಾತು ತೆಗೆಯುವುದೇ, ಪುಸ್ತಕ ತೆಗೆಯುವುದೇ? ಯಜಮಾನರನ್ನು ಕೇಳಿದರೆ, "ಮೊದ್ಲು ತಿಂಡಿ ತೆಗಿಲಿ" ಎಂದರು.

ಅವರು ಹೇಳಿದ ಹಾಗೆಯೇ ಆಯಿತು. ಸುಂಟಿಕೊಪ್ಪದ ಅಂಗಡಿಯ ಹಿಂದಿನ ಮನೆಯಲ್ಲಿ ಕುಶಾಲಪ್ಪ ಮಾವ ನಮಗೆ ಕಡುಬು, ಕೋಳಿಸಾರು ಬಡಿಸಿದರು. ಹೊರಗೆ ಮಡಿಕೇರಿಯ ಬಸ್ಸು ಹಾರ್ನು ಹಾಕುತ್ತಿತ್ತು, ಅಂಗಡಿಯಲ್ಲಿ ಯಾರೋ ತಮಿಳಿನಲ್ಲಿ ಸೀರೆಗೆ ಚೌಕಾಸಿ ಮಾಡುತ್ತಿದ್ದರು. ಊಟವಾದ ಮೇಲೆ ನಾನು ಮೊದಲು ಪುಸ್ತಕವನ್ನೇ ಅವರ ಕೈಗಿಟ್ಟೆ. ಲೀಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಮಾವ ಬಟ್ಟೆ ನೋಡುವ ಹಾಗೆಯೇ ನೋಡಿದರು. ಪ್ರತಿ ಹಾಳೆಯನ್ನೂ ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು. ಕಪ್ಪು ಪುಟಗಳು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಮಕ್ಕಳಿಗೆ ಚಿತ್ರ ಮಾಡ್ದು ಅಂತಲ್ಲಾ ಹೇಳಿದ್ದ್? ಇದರ ನೋಡ್ರೆ ಮಕ್ಕಳಿಗೆ ಜ್ವರ ಬಂದದೆ."

"ಹಗಲು ಮಕ್ಕಳಿಗೇ ಮಾಡ್ದು ಮಾವ. ಇದ್ ದೊಡ್ಡವಕ್ಕೆ. ನಿಮ್ಮಿಂದ ಮುಚ್ಚಿಡ್ಬೇಡ ಅಂತ ಅವನೇ ಹೇಳಿ ಕಳ್ಸಿದ್" ಎಂದೆ. ಬೇಡು ಹಬ್ಬದ ಮಾತನ್ನೂ ಹೇಳಿದೆ. ಮಾವ ಮತ್ತೆ ಕಪ್ಪು ಪುಟಕ್ಕೇ ತಿರುಗಿದರು. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರೂ ಏಳಲಿಲ್ಲ.

ಆಗ ಲೀಲಾಳಿಗೆಂದು ಸುರುಳಿ ಸುತ್ತಿ ತಂದಿದ್ದ ಚಿತ್ರ ನೆನಪಾಗಿ ಅವಳ ಕೈಗೆ ಕೊಟ್ಟೆ. ಅವಳು ಬಿಚ್ಚಿ, ಕಿಟಕಿಯ ಹತ್ತಿರ ಹಿಡಿದು ನೋಡಿದಳು. ಇನ್ನಷ್ಟು ಹತ್ತಿರ ತಂದಳು. ಮೂಗಿಗೆ ತಾಗುವಷ್ಟು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದಳು.

"ಅಪ್ಪಾ, ಇದ್ ಕಾಚಂಪುಳಿ!"

"ಎಂಥದ್?"

"ನರಿ! ನರಿಗೆ ಬಳ್ದದ್ ಕಾಚಂಪುಳಿ!"

ಮಾವ ಹಾಳೆ ತೆಗೆದುಕೊಂಡು ಮೂಸಿದರು. ನಂಬದೆ ಮತ್ತೆ ಮೂಸಿದರು. ನರಿಯ ಬಾಲದ ತುದಿಯನ್ನು ಉಗುರಿನಲ್ಲಿ ಕೆರೆದು ನಾಲಿಗೆಗಿಟ್ಟುಕೊಂಡೇ ಬಿಟ್ಟರು.

"ಹೌದಲ್ಲಾ! ಮಾಂಸಕ್ಕೆ ಹಾಕುದ್ ಬಿಟ್ಟ್ ಕಾಗದಕ್ಕೆ ಹಾಕ್ಯೊಳ. ನಿನ್ನ ಅವ್ವ ಮಾಡಿದ್ದಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ, "ಒಳ್ಳೆ ಕುದ್ದುಟ್ಟು" ಎಂದರು. ಆಮೇಲೆ ಪುಸ್ತಕವನ್ನು ಮತ್ತೆ ಎಳೆದುಕೊಂಡು ಕೊನೆಯ ಪುಟ ತೆಗೆದರು.

"ಈ ನರಿ ಮತ್ತೆ ಎದ್ದತಾ?"

"ಅದರ ಬರೆದವನ್ನೇ ಕೇಳೊಕಪ್ಪ" ಎಂದಳು ಲೀಲಾ.

"ಕೇಳ್ವ" ಎಂದರು ಮಾವ. "ಬರ್ಲಿ. ಎದುರು ಕೂರ್ಸಿ ಕೇಳ್ವ." ಎದ್ದು ಅಂಗಡಿಯ ಕಡೆ ಹೋದವರು ಬಾಗಿಲಲ್ಲೇ ತಿರುಗಿ, "ಆ ಹುಡುಗಂಗೆ ಹುಳಿ ಮುಗ್ದಿರೊಕು. ಎರಡ್ ಬಾಟ್ಲಿ ಕಳ್ಸುವ" ಎಂದರು.

ನಾನು ಲೀಲಾಳ ಮುಖ ನೋಡಿದೆ. ಅವಳು ಚಿತ್ರವನ್ನು ಜೋಪಾನವಾಗಿ ಸುರುಳಿ ಸುತ್ತುತ್ತಿದ್ದಳು.

"ಒಂದೇ ಸಾಕಕ್ಕ, ಅವಕ್ಕೆ ಚಿತ್ರ ಮಾಡಿಕೆ" ಎಂದಳು, ತಲೆ ಎತ್ತದೆ. "ಸಾರಿಗಿರುದರ ನಾ ಅಲ್ಲಿಗೆ ಹೋಗುವಾಗ ತಕಂಡ್ ಹೋನೆ."

ನಮ್ಮ ಯಜಮಾನರು ಅಷ್ಟು ಹೊತ್ತೂ ಸುಮ್ಮನೆ ಎಲೆ ಅಡಿಕೆ ಅಗಿಯುತ್ತಿದ್ದವರು, ಈಗ ಬಾಯಿ ತೆರೆದರು.

"ಬಿರಡೆಗೆ ಮೇಣ ಹಾಕ್ ಮಾರಾಯ್ತಿ" ಎಂದರು.